ಮಳೆ ತರಿಸಿದ ಡ್ರ್ಯಾಗನ್ ಮಕ್ಕಳನ್ನು ತರಿಸಲಿಲ್ಲ

ಗಡಿಯಲ್ಲಿ ಗಲಾಟೆಯಾದರೆ ಸಾಕು, ನಮ್ಮ ಪತ್ರಿಕೆಗಳ ತಲೆಬರಹದಿಂದ ಚೀನಾ ಮಾಯವಾಗಿ 'ಡ್ರ್ಯಾಗನ್' ಬಂದು ಕೂರುತ್ತದೆ. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಸಂಘರ್ಷವಾದಾಗ ಡ್ರ್ಯಾಗನ್ ಬಾಲ ಬಿಚ್ಚಿತು, ಹೆಡೆ ಎತ್ತಿತು, ಬೆಂಕಿಯನ್ನೂ ಉಗುಳಿತು. 2021ರಲ್ಲಿ ಗುಜರಾತ್ ಸರ್ಕಾರ ಡ್ರ್ಯಾಗನ್ ಫ್ರೂಟ್‌ಗೆ 'ಕಮಲಂ' ಎಂದು ಹೊಸ ಹೆಸರಿಟ್ಟಿತು. ಹಳೆಯ ಹೆಸರು ಕೇಳಿದರೆ ಚೀನಾ ನೆನಪಾಗುತ್ತದಂತೆ. ಆ ಹಣ್ಣಿನ ತವರು ಮಧ್ಯ ಅಮೆರಿಕ, ಅದು ಬೇರೆ ಮಾತು.

ಅದೇ ಡ್ರ್ಯಾಗನ್ 2025ರ ಆಗಸ್ಟ್ 31ರಂದು ಬೇರೆ ವೇಷದಲ್ಲಿ ಬಂತು. ಟಿಯಾಂಜಿನ್‌ನಲ್ಲಿ ನರೇಂದ್ರ ಮೋದಿಯವರನ್ನು ಭೇಟಿಯಾದ ಷಿ ಜಿನ್‌ಪಿಂಗ್, ಡ್ರ್ಯಾಗನ್ ಮತ್ತು ಆನೆ ಜೊತೆಯಾಗಿ ಹೆಜ್ಜೆ ಹಾಕಬೇಕು ಎಂಬ ಅರ್ಥದ ಮಾತಾಡಿದರು. ಐದು ವರ್ಷಗಳ ಹಿಂದೆ ಬೆಂಕಿ ಉಗುಳಿದ ಪ್ರಾಣಿ ಈಗ ಕುಣಿಯಲು ಸಿದ್ಧವಾಗಿತ್ತು.

ಇಂಥ ಕಡೆ ಒಂದು ವಿವರಣೆ ಸದಾ ಸಿದ್ಧವಾಗಿರುತ್ತದೆ. ಯುರೋಪಿನ ಡ್ರ್ಯಾಗನ್ ಕೆಟ್ಟದ್ದು, ಚೀನಾದ್ದು ಒಳ್ಳೆಯದು, ಅದು ಬಲ ಮತ್ತು ಅದೃಷ್ಟದ ಗುರುತು, 5,000 ವರ್ಷಗಳ ಪರಂಪರೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರವಾಸೋದ್ಯಮ ಇಲಾಖೆಯ ಕರಪತ್ರ ಓದಿದ ಹಾಗಾಗುತ್ತದೆ. ಡ್ರ್ಯಾಗನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ, ಯಾವ ಕಾಲದಲ್ಲಿ ಅದು ಯಾರ ಕೈಯಲ್ಲಿತ್ತು ಅನ್ನುವ ಪ್ರಶ್ನೆ ನನಗೆ ಮುಖ್ಯ ಅನ್ನಿಸುತ್ತದೆ. ರೈತನ ಡ್ರ್ಯಾಗನ್, ಚಕ್ರವರ್ತಿಯ ಡ್ರ್ಯಾಗನ್, ಇಂದಿನ ಸರ್ಕಾರದ ಡ್ರ್ಯಾಗನ್, ಅಪ್ಪ ಅಮ್ಮಂದಿರ ಡ್ರ್ಯಾಗನ್ ಒಂದೇ ಅಲ್ಲ. ಒಬ್ಬರಿಂದ ಇನ್ನೊಬ್ಬರು ಕಿತ್ತುಕೊಂಡು ಬಂದದ್ದೇ ಅದರ ಇತಿಹಾಸ. ಇತ್ತೀಚಿನ ಕಿತ್ತಾಟ ನಡೆದದ್ದು 2024ರಲ್ಲಿ, ಹೆರಿಗೆ ವಾರ್ಡಿನ ಲೆಕ್ಕದಲ್ಲಿ. ಅಲ್ಲಿಗೆ ಆಮೇಲೆ ಬರೋಣ.

ನೀರಿನ ಇಲಾಖೆ

ಚೀನಾದ ಡ್ರ್ಯಾಗನ್ ಸಾಮಾನ್ಯವಾಗಿ ಬೆಂಕಿ ಉಗುಳುವುದಿಲ್ಲ. ಅದಕ್ಕೆ ರೆಕ್ಕೆಯೂ ಅಪರೂಪ. ಅದರ ಇಲಾಖೆ ನೀರು: ಮೋಡ, ಮಳೆ, ನದಿ, ಬಾವಿ, ಸಮುದ್ರ. ಕ್ರಿ.ಶ. 100ರಲ್ಲಿ ಶು ಶೆನ್ ಎಂಬ ವಿದ್ವಾಂಸ ಸಿದ್ಧಪಡಿಸಿದ ಪದಕೋಶದಲ್ಲಿ ಡ್ರ್ಯಾಗನ್ ಬಗ್ಗೆ ಒಂದು ಚಂದದ ವಿವರಣೆ ಇದೆ. ಅದು ಕಾಣಿಸಿಕೊಳ್ಳಬಲ್ಲದು, ಮರೆಯಾಗಬಲ್ಲದು, ಚಿಕ್ಕದಾಗಬಲ್ಲದು, ದೊಡ್ಡದಾಗಬಲ್ಲದು. ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ದಿನ ಆಕಾಶಕ್ಕೆ ಏರುತ್ತದೆ, ಶರತ್ಕಾಲದಲ್ಲಿ ಸಮವಾಗುವ ದಿನ ಆಳದ ನೀರಿಗೆ ಇಳಿಯುತ್ತದೆ.

ಸುಮ್ನೆ ಕವಿತೆಯ ಹಾಗೆ ಕಾಣುವ ಈ ಮಾತಿನ ಹಿಂದೆ ನಕ್ಷತ್ರಗಳಿವೆ. ಚೀನಾದ ಹಳೆಯ ಖಗೋಳಶಾಸ್ತ್ರದಲ್ಲಿ ಪೂರ್ವ ದಿಕ್ಕಿನ ಏಳು ನಕ್ಷತ್ರಪುಂಜಗಳು ಸೇರಿ ಒಂದು ದೊಡ್ಡ ಡ್ರ್ಯಾಗನ್ ಆಗುತ್ತದೆ. ನಾವು ಚಿತ್ತಾ ಎನ್ನುವ ನಕ್ಷತ್ರ ಅದರ ಕೊಂಬು. ಕೆಂಪಗೆ ಮಿನುಗುವ ಜ್ಯೇಷ್ಠಾ ಅದರ ಹೃದಯ. ನಮ್ಮ ಮೂಲಾ ನಕ್ಷತ್ರದ ಕಡೆ ಅದರ ಬಾಲ. ವಸಂತದ ಆರಂಭದಲ್ಲಿ ಕತ್ತಲಾದ ಮೇಲೆ ಪೂರ್ವದ ಅಂಚಿನಲ್ಲಿ ಮೊದಲು ಕೊಂಬು ಏಳುತ್ತದೆ. ಬೇಸಿಗೆಯ ರಾತ್ರಿಯಲ್ಲಿ ಇಡೀ ಮೈ ದಕ್ಷಿಣದ ಆಕಾಶದಲ್ಲಿ ಹರಡಿಕೊಳ್ಳುತ್ತದೆ. ಶರತ್ಕಾಲಕ್ಕೆ ತಲೆ ಪಶ್ಚಿಮದಲ್ಲಿ ಮುಳುಗುತ್ತದೆ. ಉತ್ತರ ಚೀನಾದಲ್ಲಿ ಬಿತ್ತನೆ, ಮಳೆ, ಕೊಯ್ಲು ಹೆಚ್ಚು ಕಡಿಮೆ ಇದೇ ಕ್ರಮದಲ್ಲಿ ಬರುತ್ತವೆ. ಆರಿದ್ರೆ, ಪುಷ್ಯ ಎಂದು ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಕರೆಯುವ ನಮ್ಮ ರೈತರಿಗೆ ಇದು ವಿಚಿತ್ರ ಅನ್ನಿಸಲಾರದು.

ಚಾಂದ್ರಮಾನದ ಎರಡನೇ ತಿಂಗಳ ಎರಡನೇ ದಿನ 'ಡ್ರ್ಯಾಗನ್ ತಲೆ ಎತ್ತುವ ದಿನ'. ಇದು ಈಗಲೂ ಆಚರಣೆಯಲ್ಲಿದೆ. ಹಿಂದೆ ಆ ದಿನ ಹೆಂಗಸರು ಸೂಜಿ ಮುಟ್ಟುತ್ತಿರಲಿಲ್ಲ, ಡ್ರ್ಯಾಗನ್ ಕಣ್ಣಿಗೆ ಚುಚ್ಚೀತು ಎಂಬ ಭಯ. ಈಗ ಉಳಿದಿರುವುದು ಮುಖ್ಯವಾಗಿ ಕ್ಷೌರ. ಹೊಸ ವರ್ಷದ ಮೊದಲ ತಿಂಗಳು ಕೂದಲು ಕತ್ತರಿಸಬಾರದು ಎಂಬ ನಂಬಿಕೆ ಇರುವುದರಿಂದ, ಆ ದಿನ ಬೀಜಿಂಗ್‌ನಿಂದ ಹಳ್ಳಿಯವರೆಗೆ ಕಟಿಂಗ್ ಶಾಪ್‌ಗಳ ಮುಂದೆ ಸಾಲು. ಆ ದಿನ ತಿನ್ನುವ ನೂಡಲ್ಸ್‌ಗೆ ಡ್ರ್ಯಾಗನ್ ಮೀಸೆ ಎಂದೂ ತೆಳು ರೊಟ್ಟಿಗೆ ಡ್ರ್ಯಾಗನ್ ಪೊರೆ ಎಂದೂ ಹೆಸರು.

ಈ ಆಕಾಶದ ಡ್ರ್ಯಾಗನ್ ಎಷ್ಟು ಹಳೆಯದು? 1987ರಲ್ಲಿ ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ ಒಂದು ಸಮಾಧಿ ಸಿಕ್ಕಿತು. 6,000 ವರ್ಷಗಳಿಗೂ ಹಿಂದಿನದು. ಮಧ್ಯದಲ್ಲಿ ಒಬ್ಬ ವ್ಯಕ್ತಿಯ ಅಸ್ಥಿಪಂಜರ. ಪೂರ್ವದ ಬದಿಗೆ ಚಿಪ್ಪುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್, ಪಶ್ಚಿಮದ ಬದಿಗೆ ಹುಲಿ. ಮುಂದೆ ಚೀನಾದ ಖಗೋಳದಲ್ಲಿ ಪೂರ್ವಕ್ಕೆ ಡ್ರ್ಯಾಗನ್, ಪಶ್ಚಿಮಕ್ಕೆ ಹುಲಿ ಎಂದೇ ನಿಂತಿತು. ಇದೇ ಕಾರಣಕ್ಕೆ ಆ ಸಮಾಧಿಯಲ್ಲಿರುವುದು ಆಕಾಶದ ನಕ್ಷೆಯೇ ಇರಬೇಕು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಒಳ ಮಂಗೋಲಿಯಾದಲ್ಲಿ ಸಿಕ್ಕ ಹೊಂಗ್‌ಶಾನ್ ಸಂಸ್ಕೃತಿಯ ಹಸಿರು ಕಲ್ಲಿನ ಡ್ರ್ಯಾಗನ್ ಸುಮಾರು 5,000 ವರ್ಷ ಹಳೆಯದು. ಅದರ ಮುಖ ಹಂದಿಯ ಹಾಗೆ ಕಾಣುತ್ತದೆ. ಎರ್ಲಿತೌ ಎಂಬಲ್ಲಿ 2002ರಲ್ಲಿ ಸಿಕ್ಕದ್ದು ಎರಡು ಸಾವಿರಕ್ಕೂ ಹೆಚ್ಚು ನೀಲಿ ಹರಳಿನ ಚೂರುಗಳಿಂದ ಮಾಡಿದ್ದು, ಅದು ಹಾವಿನ ಹಾಗೆ. ಇವೆಲ್ಲ ಒಂದೇ ಪ್ರಾಣಿಯೇ? ನಮ್ಮ ಕಾಲದವರು ಎಲ್ಲಕ್ಕೂ ಡ್ರ್ಯಾಗನ್ ಎಂದು ಚೀಟಿ ಅಂಟಿಸಿದ್ದೇವೆ. ಹಂದಿ ಮೂತಿಯದನ್ನು ಕೆತ್ತಿದವನಿಗೂ ಹಾವಿನಂಥದ್ದನ್ನು ಜೋಡಿಸಿದವನಿಗೂ ಪರಸ್ಪರ ಪರಿಚಯವೇ ಇರಲಿಲ್ಲ. 'ಒಂದೇ ಅಖಂಡ ಪರಂಪರೆ' ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಮೂಲದ ಬಗ್ಗೆ ಊಹೆಗಳಿಗೆ ಬರವಿಲ್ಲ. ಹಾವು, ಮಿಂಚು, ಕಾಮನಬಿಲ್ಲು, ಸುಂಟರಗಾಳಿ, ಮೊಸಳೆ. ಯಾಂಗ್ತ್ಸೆ ನದಿಯ ಚಿಕ್ಕ ಮೊಸಳೆಯನ್ನು ಅಲ್ಲಿನ ಜನ 'ಮಣ್ಣಿನ ಡ್ರ್ಯಾಗನ್' ಎಂದೇ ಕರೆಯುತ್ತಾರೆ.

ಹಳ್ಳಿಯವರಿಗೆ ಮೂಲ ಬೇಕಿರಲಿಲ್ಲ, ಮಳೆ ಬೇಕಿತ್ತು. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ಕಾಲದ ವಿದ್ವಾಂಸ ದೊಂಗ್ ಝೊಂಗ್‌ಶು ಹೆಸರಿನಲ್ಲಿರುವ ಗ್ರಂಥದಲ್ಲಿ ಬರಗಾಲದಲ್ಲಿ ಮಣ್ಣಿನ ಡ್ರ್ಯಾಗನ್ ಮಾಡುವ ವಿಧಾನವಿದೆ. ವಸಂತದಲ್ಲಿ ಹಸಿರು, ಬೇಸಿಗೆಯಲ್ಲಿ ಕೆಂಪು, ಶರತ್ಕಾಲದಲ್ಲಿ ಬಿಳಿ, ಚಳಿಗಾಲದಲ್ಲಿ ಕಪ್ಪು.

ಬೌದ್ಧಧರ್ಮ ಬಂದ ಮೇಲೆ ಈ ಪ್ರಾಣಿಗೆ ಬಡ್ತಿ ಸಿಕ್ಕಿತು. ಇಲ್ಲಿ ನಮ್ಮ ಕಡೆಯ ನಿಜವಾದ ನಂಟು ಇದೆ. ಸೂತ್ರಗಳನ್ನು ಚೀನೀ ಭಾಷೆಗೆ ತಂದವರು ನಮ್ಮ ನಾಗಗಳಿಗೆ ಡ್ರ್ಯಾಗನ್ ಪದವನ್ನೇ ಬಳಸಿದರು. ನಾಗರಾಜರು ಡ್ರ್ಯಾಗನ್ ರಾಜರಾದರು. ಅವರ ಜೊತೆಗೇ ಸಮುದ್ರದಡಿಯ ಅರಮನೆ, ರತ್ನಭಂಡಾರ, ರಾಜಕುಮಾರಿಯರು ಎಲ್ಲ ಬಂದರು. ಮೊದಲು ಮೋಡದಲ್ಲಿ ಅಲೆಯುತ್ತಿದ್ದ ಪ್ರಾಣಿಗೆ ಈಗ ಸಿಂಹಾಸನ, ವಿಳಾಸ, ಗುಡಿ. ಉತ್ತರ ಚೀನಾದ ಊರೂರಲ್ಲಿ ಡ್ರ್ಯಾಗನ್ ರಾಜನ ಗುಡಿ ಎದ್ದಿತು.

ಗುಡಿ ಕಟ್ಟಿದವರು ಶಿಕ್ಷೆ ಕೊಡುವ ಹಕ್ಕನ್ನೂ ಇಟ್ಟುಕೊಂಡರು. ಪೂಜೆ ಮಾಡಿದರೂ ಮಳೆ ಬರಲಿಲ್ಲ ಅಂದರೆ ಡ್ರ್ಯಾಗನ್ ರಾಜನ ಮೂರ್ತಿಯನ್ನು ಹೊರಗೆ ತಂದು ಉರಿಬಿಸಿಲಲ್ಲಿ ಕೂರಿಸುತ್ತಿದ್ದರು. 'ನಮ್ಮ ಸಂಕಟ ನೀನೂ ಅನುಭವಿಸು' ಎಂದು. ಕೆಲವು ಕಡೆ ಕೋಲಿನಿಂದ ಹೊಡೆದದ್ದೂ ಉಂಟು. ಭಕ್ತಿ ಇತ್ತು, ಆದರೆ ಕೆಲಸ ಮಾಡದ ಅಧಿಕಾರಿಯನ್ನು ಬಿಡುವ ಜನ ಅವರಲ್ಲ.

ಐದು ಉಗುರಿನ ಲೆಕ್ಕ

ಇಂಥ ಪ್ರಾಣಿ ಅರಮನೆಗೆ ಹೇಗೆ ಹೋಯಿತು? ಲಿಯೂ ಬಾಂಗ್‌ನ ಕಥೆ ನೋಡಿ. ಕ್ರಿ.ಪೂ. 202ರಲ್ಲಿ ಹಾನ್ ಸಾಮ್ರಾಜ್ಯ ಕಟ್ಟಿದವನು. ಹುಟ್ಟಿನಿಂದ ರಾಜವಂಶದವನಲ್ಲ, ರೈತರ ಮನೆಯವನು. ಊರ ಮಟ್ಟದ ಸಣ್ಣ ಸರ್ಕಾರಿ ಕೆಲಸದಲ್ಲಿದ್ದವನು. ಇತಿಹಾಸಕಾರ ಸಿಮಾ ಚಿಯೆನ್ ದಾಖಲಿಸಿದ ಕಥೆ ಹೀಗಿದೆ: ಲಿಯೂ ಬಾಂಗ್‌ನ ತಾಯಿ ಒಂದು ಕೆರೆಯ ದಂಡೆಯಲ್ಲಿ ಮಲಗಿದ್ದಳು. ಗುಡುಗು ಮಿಂಚು, ಕತ್ತಲು. ಗಂಡ ಹುಡುಕಿಕೊಂಡು ಬಂದಾಗ ಅವಳ ಮೇಲೆ ಒಂದು ಡ್ರ್ಯಾಗನ್ ಇತ್ತು. ಆಮೇಲೆ ಅವಳು ಗರ್ಭಿಣಿಯಾದಳು. ವಂಶ ಇಲ್ಲದವನಿಗೆ ಡ್ರ್ಯಾಗನ್ ಅಪ್ಪನಾಯಿತು. ಪಟ್ಟಕ್ಕೆ ಬೇಕಾದ ಜಾತಕ ಅಲ್ಲಿಗೆ ಸಿದ್ಧ.

ಅದಕ್ಕೂ ಹಳೆಯ 'ಬದಲಾವಣೆಗಳ ಗ್ರಂಥ'ದಲ್ಲಿ, ಅಂದರೆ ಯಿಜಿಂಗ್‌ನಲ್ಲಿ, ಮೊದಲ ಅಧ್ಯಾಯವೇ ಡ್ರ್ಯಾಗನ್‌ನ ಏರುಪೇರು. ಅಡಗಿರುವ ಡ್ರ್ಯಾಗನ್, ಏನೂ ಮಾಡಬೇಡ. ಹೊಲದಲ್ಲಿ ಕಾಣಿಸಿಕೊಂಡ ಡ್ರ್ಯಾಗನ್. ಆಳದ ಮೇಲೆ ಜಿಗಿಯುತ್ತಿರುವುದು. ಐದನೇ ಸಾಲಿನಲ್ಲಿ ಆಕಾಶದಲ್ಲಿ ಹಾರುವ ಡ್ರ್ಯಾಗನ್. ಆರನೆಯದರಲ್ಲಿ, ಮಿತಿ ಮೀರಿ ಏರಿದ ಡ್ರ್ಯಾಗನ್‌ಗೆ ಪಶ್ಚಾತ್ತಾಪ ಕಾದಿದೆ. ಚಕ್ರವರ್ತಿಗಳು ಐದನೇ ಸಾಲನ್ನು ತಮ್ಮ ಬಿರುದು ಮಾಡಿಕೊಂಡರು. ಆರನೇ ಸಾಲನ್ನು ಸಿಂಹಾಸನದ ಮೇಲೆ ಬರೆಸಿದವರು ಯಾರೂ ಇಲ್ಲ.

ಬಹಳ ಕಾಲದವರೆಗೆ ಡ್ರ್ಯಾಗನ್ ಚಿತ್ರ ಬಟ್ಟೆ, ಪಾತ್ರೆ, ಗೋಡೆಯ ಮೇಲೆ ಯಾರ ಮನೆಯಲ್ಲಾದರೂ ಇರಬಹುದಿತ್ತು. ಕಾನೂನಿನ ಬೇಲಿ ಬಿಗಿಯಾದದ್ದು ಮಂಗೋಲರ ಯುವಾನ್ ಕಾಲದಲ್ಲಿ. 1314ರ ಉಡುಗೆ ನಿಯಮದಲ್ಲಿ ಐದು ಉಗುರು, ಎರಡು ಕೊಂಬು ಇರುವ ಡ್ರ್ಯಾಗನ್ ಸಾಮಾನ್ಯರಿಗೆ ನಿಷಿದ್ಧ ಎಂದಾಯಿತು. ಜನ ಏನು ಮಾಡಿದರು? ಒಂದು ಉಗುರು ಕಮ್ಮಿ ಮಾಡಿದರು. ಮುಂದೆ ಬಂದ ಮಿಂಗ್, ಚಿಂಗ್ ರಾಜವಂಶಗಳ ಕಾಲದಲ್ಲಿ ಇದಕ್ಕೊಂದು ವ್ಯವಸ್ಥೆಯೇ ಬಂತು. ನಾಲ್ಕು ಉಗುರಿನದಕ್ಕೆ ಬೇರೆ ಹೆಸರು, ಅದು ದೊಡ್ಡ ಅಧಿಕಾರಿಗಳಿಗೆ. ಐದು ಉಗುರಿನದು ಅರಮನೆಗೆ. ಮ್ಯೂಸಿಯಂನಲ್ಲಿ ಚೀನಾದ ಹಳೆಯ ಹೂದಾನಿ ಕಂಡರೆ ಮೊದಲು ಉಗುರು ಎಣಿಸಿ ನೋಡಿ, ಅದು ಯಾರ ಮನೆಯದು ಎಂಬ ಅಂದಾಜು ಸಿಗುತ್ತದೆ.

1889ರಲ್ಲಿ ಚಿಂಗ್ ಸರ್ಕಾರ ಹಳದಿ ಬಟ್ಟೆಯ ಮೇಲೆ ನೀಲಿ ಡ್ರ್ಯಾಗನ್ ಇರುವ ಆಯತಾಕಾರದ ರಾಷ್ಟ್ರಧ್ವಜವನ್ನು ಒಪ್ಪಿತು. ಹೊರಗಿನ ಜಗತ್ತಿನ ಕಣ್ಣಲ್ಲಿ 'ಚೀನಾ ಅಂದರೆ ಡ್ರ್ಯಾಗನ್' ಎಂಬುದು ಗಟ್ಟಿಯಾಗಲು ಆ ಧ್ವಜವೂ ಒಂದು ಕಾರಣ. ನೆನಪಿಡಬೇಕಾದ ವಿಷಯ: ಅದು ದೇಶದ ಗುರುತು ಅನ್ನುವುದಕ್ಕಿಂತ ಮಂಚು ಜನರ ಆ ಚಿಂಗ್ ರಾಜವಂಶದ ಗುರುತು.

ಹೀಗಾಗಿ ರಾಜನನ್ನು ವಿರೋಧಿಸಿದವರು ಡ್ರ್ಯಾಗನ್ ಜೊತೆಗೂ ಲೆಕ್ಕ ಚುಕ್ತಾ ಮಾಡಬೇಕಾಯಿತು. 19ನೇ ಶತಮಾನದ ಮಧ್ಯದಲ್ಲಿ ತೈಪಿಂಗ್ ದಂಗೆ ಎಬ್ಬಿಸಿದ ಹೊಂಗ್ ಶಿಯುಚುವಾನ್ ತನ್ನನ್ನು ಯೇಸುವಿನ ತಮ್ಮ ಎಂದು ಕರೆದುಕೊಂಡವನು. ಅವನ ಮತದಲ್ಲಿ ಡ್ರ್ಯಾಗನ್ ಅಂದರೆ ಸೈತಾನ. ಡ್ರ್ಯಾಗನ್ ಚಿತ್ರ ಬಿಡಿಸಿದರೆ ಅದರ ಒಂದು ಕಣ್ಣಿಗೆ ಬಾಣ ಚುಚ್ಚಿದ ಹಾಗೆ ಬಿಡಿಸಬೇಕು ಎಂಬ ನಿಯಮವಿತ್ತು. 1853ರಲ್ಲಿ ನಾನ್‌ಜಿಂಗ್ ಗೆದ್ದು ಅರಮನೆ ಸೇರಿದ ಮೇಲೆ ಹೊಸ ಆದೇಶ ಬಂತು: ನಮ್ಮ ಅರಮನೆಯವು ಅಮೂಲ್ಯ ಡ್ರ್ಯಾಗನ್‌ಗಳು, ಸೈತಾನರಲ್ಲ, ಇನ್ನು ಬಾಣ ಬೇಡ. ಅಧಿಕಾರ ಸಿಕ್ಕಿದ ಮೇಲೆ ಕಣ್ಣು ವಾಸಿಯಾಯಿತು!

ಗಣರಾಜ್ಯದಲ್ಲೂ ಇದೇ ಗೊಂದಲ. 1912ರಲ್ಲಿ ಡ್ರ್ಯಾಗನ್ ಧ್ವಜ ಇಳಿಸಿ ಐದು ಬಣ್ಣಗಳ ಧ್ವಜ ಏರಿಸಿದರು. ಅದೇ ವರ್ಷ ಲೇಖಕ ಲು ಶುನ್ ಮತ್ತು ಇನ್ನಿಬ್ಬರು ಸೇರಿ ರೂಪಿಸಿದ ರಾಷ್ಟ್ರಲಾಂಛನದಲ್ಲಿ ಡ್ರ್ಯಾಗನ್ ಮತ್ತೆ ಬಂದು ಕೂತಿತು. ಕಮ್ಯುನಿಸ್ಟರು 1950ರಲ್ಲಿ ಒಪ್ಪಿದ ಲಾಂಛನದಲ್ಲಿ ಮಾತ್ರ ಅದು ಇಲ್ಲ. ತಿಯೆನಾನ್‌ಮೆನ್ ದ್ವಾರ, ನಕ್ಷತ್ರಗಳು, ಪೈರಿನ ತೆನೆ, ಹಲ್ಲಿನ ಚಕ್ರ, ಅಷ್ಟೇ. ಇವತ್ತಿಗೂ ಚೀನಾದ ಧ್ವಜದಲ್ಲಾಗಲಿ ಲಾಂಛನದಲ್ಲಾಗಲಿ ಡ್ರ್ಯಾಗನ್ ಇಲ್ಲ. ನಮ್ಮ ತಲೆಬರಹ ಬರೆಯುವವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಮಾವೋಗೆ ಡ್ರ್ಯಾಗನ್ ಬೇರೆ ಕೆಲಸಕ್ಕೆ ಬಂತು. ಚೀನಾದಲ್ಲಿ ಹಳೆಯ ಕಥೆಯೊಂದಿದೆ. ಯೆ ಎಂಬ ಶ್ರೀಮಂತನಿಗೆ ಡ್ರ್ಯಾಗನ್ ಅಂದರೆ ಪ್ರಾಣ. ಮನೆ ತುಂಬ ಡ್ರ್ಯಾಗನ್ ಚಿತ್ರ. ಸುದ್ದಿ ತಿಳಿದ ನಿಜವಾದ ಡ್ರ್ಯಾಗನ್ ಒಂದು ದಿನ ಖುಷಿಯಿಂದ ಕಿಟಕಿಯಲ್ಲಿ ತಲೆ ಹಾಕಿತು. ಯೆ ಜೀವಭಯದಿಂದ ಓಡಿಹೋದ. 1927ರಲ್ಲಿ ಹುನಾನ್ ರೈತ ಚಳವಳಿಯ ವರದಿ ಬರೆದ ಮಾವೋ, ಜನ ಎಚ್ಚೆತ್ತುಕೊಳ್ಳಬೇಕು ಎಂದು ಭಾಷಣ ಮಾಡಿ ಅವರು ನಿಜವಾಗಿ ಎದ್ದಾಗ ಹೆದರುವ, ರಾಷ್ಟ್ರೀಯವಾದಿಗಳ ನಾಯಕ ಚಿಯಾಂಗ್ ಕೈಶೆಕ್‌ನಂಥವರನ್ನು ಈ ಯೆ ಜೊತೆ ಹೋಲಿಸಿದರು. ಅಲ್ಲಿ ಡ್ರ್ಯಾಗನ್ ಅಂದರೆ ದಂಗೆ ಎದ್ದ ರೈತರು. ನಲವತ್ತು ವರ್ಷಗಳ ನಂತರ, ಹಳೆಯದನ್ನೆಲ್ಲ ಅಳಿಸಲು ಹೊರಟ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅದೇ ಡ್ರ್ಯಾಗನ್ ಊಳಿಗಮಾನ್ಯ ಕಸವಾಯಿತು. ಗುಡಿಗಳು ಪುಡಿಯಾದವು.

ಎಲ್ಲರೂ ಅದರ ಮಕ್ಕಳು

'ನಾವು ಡ್ರ್ಯಾಗನ್ ಸಂತತಿ' ಎಂಬ ಮಾತು ಈಗ ಚೀನಾದಲ್ಲಿ ಅನಾದಿ ಕಾಲದ್ದು ಅನ್ನುವಷ್ಟು ಸಹಜ. 2017ರ ನವೆಂಬರ್ 8ರಂದು ಬೀಜಿಂಗ್‌ನ ಹಳೆಯ ಅರಮನೆಯಾದ ನಿಷಿದ್ಧ ನಗರದ ಅಂಗಳದಲ್ಲಿ ಷಿ ಜಿನ್‌ಪಿಂಗ್ ಡೊನಾಲ್ಡ್ ಟ್ರಂಪ್‌ಗೆ ಹೇಳಿದ್ದೂ ಇದನ್ನೇ. ಕಪ್ಪು ಕೂದಲು, ಹಳದಿ ಚರ್ಮದ ನಾವು ಡ್ರ್ಯಾಗನ್ ಸಂತತಿ ಅಂತ.

ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ಹಾಡು. ಅದು ಹುಟ್ಟಿದ್ದು 1978ರಲ್ಲಿ, ಅದೂ ಬೀಜಿಂಗ್‌ನಲ್ಲಲ್ಲ, ತೈವಾನ್‌ನಲ್ಲಿ. ಆ ಡಿಸೆಂಬರ್‌ನಲ್ಲಿ ಅಮೆರಿಕ ತೈವಾನ್ ಕೈಬಿಟ್ಟು ಬೀಜಿಂಗ್ ಸರ್ಕಾರವನ್ನು ಮಾನ್ಯ ಮಾಡುವುದಾಗಿ ಘೋಷಿಸಿತು. ಆ ನೋವಿನಲ್ಲಿ ಹೌ ದೆಜಿಯಾನ್ ಎಂಬ ಯುವಕ ಒಂದು ಹಾಡು ಬರೆದ. ಕಪ್ಪು ಕಣ್ಣು, ಕಪ್ಪು ಕೂದಲು, ಹಳದಿ ಚರ್ಮ ಎಂಬ ಸಾಲು ಅದರಲ್ಲಿತ್ತು. ಹಾಡು ತೈವಾನ್ ದಾಟಿ ಮುಖ್ಯಭೂಮಿಯಲ್ಲೂ ಮನೆಮಾತಾಯಿತು. ಹಿಂದೆ ಚಕ್ರವರ್ತಿ ಒಬ್ಬನೇ ಡ್ರ್ಯಾಗನ್ ಮಗ. ಈಗ ಎಲ್ಲರೂ.

ಎಲ್ಲರೂ ಅಂದೆ, ಆದರೆ ಅಲ್ಲೇ ತೊಡಕು. ಪಶ್ಚಿಮ ಚೀನಾದ ಉಯಿಘರರ ಕಣ್ಣು ಕೂದಲು ಆ ಸಾಲಿಗೆ ಹೊಂದದೇ ಇರಬಹುದು. ಟಿಬೆಟ್ಟಿನವರಿಗೆ, ಹುಯಿ ಮುಸ್ಲಿಮರಿಗೆ ಡ್ರ್ಯಾಗನ್ ಮೂಲಪುರುಷನಲ್ಲ. ಈ ಸಮಸ್ಯೆಯನ್ನು ಮೊದಲು ಕಂಡವರಲ್ಲಿ ಹೌ ಕೂಡ ಒಬ್ಬ. 1983ರಲ್ಲಿ ಮುಖ್ಯಭೂಮಿಗೆ ಹೋಗಿದ್ದ ಅವನು 1989ರಲ್ಲಿ ತಿಯೆನಾನ್‌ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಕೇಳುತ್ತಿದ್ದ ವಿದ್ಯಾರ್ಥಿಗಳ ಜೊತೆ ಉಪವಾಸ ಕೂತ. ಆಗ ಆ ಸಾಲನ್ನೇ ಬದಲಿಸಿ ಹಾಡಿದ: ನಿನಗೆ ಇಷ್ಟವಿರಲಿ ಇಲ್ಲದಿರಲಿ, ಎಂಬರ್ಥ ಬರುವಂತೆ. 1990ರಲ್ಲಿ ಅವನನ್ನು ತೈವಾನ್‌ಗೆ ವಾಪಸು ಕಳಿಸಿದರು. ತಿದ್ದುಪಡಿ ಮರೆತುಹೋಯಿತು, ಮೂಲ ಸಾಲು ಉಳಿಯಿತು. 2017ರಲ್ಲಿ ಟ್ರಂಪ್ ಕೇಳಿಸಿಕೊಂಡದ್ದು ಆ ಹಳೆಯ ಸಾಲಿನ ಪ್ರತಿಧ್ವನಿಯನ್ನೇ.

ಈ 'ಸಂತತಿ' ಭಾವ ಎಷ್ಟು ಬೇಗ ನೋಯುತ್ತದೆ ಎನ್ನುವುದಕ್ಕೆ 2004ರ ಎರಡು ಜಾಹೀರಾತು ಸಾಕು. ನಿಪ್ಪಾನ್ ಪೇಂಟ್‌ನ ಚಿತ್ರದಲ್ಲಿ ಹೊಸ ಬಣ್ಣ ಬಳಿದ ಕಂಬದಿಂದ ಡ್ರ್ಯಾಗನ್ ಜಾರಿ ಕೆಳಗೆ ಬಿದ್ದಿತ್ತು, ಬಣ್ಣ ಅಷ್ಟು ನುಣುಪು ಅಂತ ತಮಾಷೆ. ಯಾರೂ ನಗಲಿಲ್ಲ. ನೈಕಿ ಜಾಹೀರಾತಿನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಡ್ರ್ಯಾಗನ್‌ಗಳನ್ನು ಸೋಲಿಸಿದ್ದಕ್ಕೆ ಸರ್ಕಾರ ಅದನ್ನೇ ನಿಷೇಧಿಸಿತು. ವಿಚಿತ್ರ ಅಂದರೆ ಇಷ್ಟು ಅಭಿಮಾನ ಇದ್ದೂ 2008ರ ಬೀಜಿಂಗ್ ಒಲಿಂಪಿಕ್ಸ್‌ನ ಐದು ಗೊಂಬೆಗಳಲ್ಲಿ ಡ್ರ್ಯಾಗನ್ ಇರಲಿಲ್ಲ. ಮೀನು, ಪಾಂಡಾ, ಒಲಿಂಪಿಕ್ ಜ್ವಾಲೆ, ಟಿಬೆಟ್ ಚಿಗರೆ, ಬಾನಾಡಿ ಮಾತ್ರ. ಒಳಗೆ ಹೆಮ್ಮೆ, ಹೊರಗೆ ತೋರಿಸಲು ಅಂಜಿಕೆ.

ಹಳ್ಳಿಗಳು ಈ ಗೊಂದಲವನ್ನು ಜಾಣತನದಿಂದ ಬಳಸಿಕೊಂಡವು. ಹೆಬೆಯ್ ಪ್ರಾಂತ್ಯದ ಫಾನ್‌ಝುವಾಂಗ್ ಎಂಬ ಊರಲ್ಲಿ 'ಡ್ರ್ಯಾಗನ್ ತಲೆ ಎತ್ತುವ ದಿನ'ವೇ ದೊಡ್ಡ ಜಾತ್ರೆ. ಡ್ರ್ಯಾಗನ್ ಕೆತ್ತಿದ ಒಂದು ಫಲಕಕ್ಕೆ ಅಲ್ಲಿ ಪೂಜೆ. ಆ ಫಲಕ ವರ್ಷಕ್ಕೊಂದು ಮನೆಯಂತೆ ಸರದಿಯ ಮೇಲೆ ಇರುತ್ತಿತ್ತು. ಗುಡಿ ಕಟ್ಟೋಣ ಅಂದರೆ ಅದು 'ಮೂಢನಂಬಿಕೆ', ಅನುಮತಿ ಸಿಗದು. ಆದರೆ ಡ್ರ್ಯಾಗನ್ ಈಗ ರಾಷ್ಟ್ರೀಯ ಸಂಸ್ಕೃತಿ ಅಲ್ವಾ? 2003ರಲ್ಲಿ ಕಟ್ಟಡ ಎದ್ದಿತು. ಹೊರಗಿನ ಫಲಕ 'ಡ್ರ್ಯಾಗನ್ ಸಂಸ್ಕೃತಿ ವಸ್ತುಸಂಗ್ರಹಾಲಯ', ಒಳಗೆ ಧೂಪದ ಹೊಗೆ. ಪೀಕಿಂಗ್ ವಿಶ್ವವಿದ್ಯಾಲಯದ ಗಾವೊ ಬಿಂಗ್‌ಝೊಂಗ್ ಈ ಇಬ್ಬಗೆಯ ಕಟ್ಟಡದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಸರ್ಕಾರ ಜನರ ದೇವರನ್ನು ಸಂಸ್ಕೃತಿಯ ಹೆಸರಲ್ಲಿ ತೆಗೆದುಕೊಂಡಿತು, ಜನ ಅದೇ ಹೆಸರಲ್ಲಿ ದೇವರನ್ನು ವಾಪಸು ತಂದುಕೊಂಡರು. ಇಡೀ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಡ್ರ್ಯಾಗನ್ ಇದೇ.

ಹೆರಿಗೆ ವಾರ್ಡಿನ ಡ್ರ್ಯಾಗನ್

ಈಗ 2024ಕ್ಕೆ ಬರೋಣ. ಹನ್ನೆರಡು ಪ್ರಾಣಿಗಳ ವರ್ಷಚಕ್ರದಲ್ಲಿ ಡ್ರ್ಯಾಗನ್ ಒಂದೇ ಕಲ್ಪನೆಯ ಪ್ರಾಣಿ. ಉಳಿದವು ಇಲಿ, ಎತ್ತು, ಹುಲಿ, ಮೊಲ ಹೀಗೆ. ಡ್ರ್ಯಾಗನ್ ವರ್ಷದಲ್ಲಿ ಹುಟ್ಟಿದ ಮಗು ಅದೃಷ್ಟವಂತ ಎಂಬ ನಂಬಿಕೆ. 2024ರ ಫೆಬ್ರವರಿ 10ರಿಂದ ಡ್ರ್ಯಾಗನ್ ವರ್ಷ ಶುರುವಾದಾಗ, ಜನಸಂಖ್ಯೆ ಕುಸಿಯುತ್ತಿದ್ದ ದೇಶಗಳ ಸರ್ಕಾರಗಳಿಗೆ ದೊಡ್ಡ ಆಸೆ. ಸಿಂಗಪುರದ ಅಂದಿನ ಪ್ರಧಾನಿ ಲೀ ಹ್ಸಿಯೆನ್ ಲೂಂಗ್ ಹಬ್ಬದ ಸಂದೇಶದಲ್ಲೇ ಯುವ ದಂಪತಿಗಳಿಗೆ ಮನೆಗೊಂದು ಪುಟ್ಟ ಡ್ರ್ಯಾಗನ್ ತನ್ನಿ ಎಂದು ಸಲಹೆ ಕೊಟ್ಟರು. ಅವರು ಸ್ವತಃ 1952ರ ಡ್ರ್ಯಾಗನ್ ವರ್ಷದವರು, ಹೆಸರಲ್ಲೂ ಡ್ರ್ಯಾಗನ್ ಇದೆ, 'ಲೂಂಗ್' ಅಂದರೆ ಅದೇ.

ಫಲ ಏನಾಯಿತು? ಸಿಂಗಪುರದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.97 ಇತ್ತು, 2024ರಲ್ಲೂ 0.97. ತೈವಾನ್‌ನಲ್ಲಿ ಹುಟ್ಟಿದ ಮಕ್ಕಳು 1,35,571ರಿಂದ 1,34,856ಕ್ಕೆ ಇಳಿದರು. ಚೀನಾದಲ್ಲಿ ಮಾತ್ರ ಏರಿಕೆ ಕಂಡಿತು, 90.2 ಲಕ್ಷದಿಂದ 95.4 ಲಕ್ಷಕ್ಕೆ. ಅದನ್ನೂ ಪೂರ್ತಿ ಡ್ರ್ಯಾಗನ್ ಖಾತೆಗೆ ಹಾಕುವಂತಿಲ್ಲ. ಕೋವಿಡ್‌ನಿಂದ ಮುಂದೂಡಿದ್ದ ಮದುವೆಗಳು 2023ರಲ್ಲಿ ನಡೆದವು. ಮದುವೆ ನೋಂದಣಿ 68.3 ಲಕ್ಷದಿಂದ 76.8 ಲಕ್ಷಕ್ಕೆ ಏರಿತ್ತು. ಇಷ್ಟಾಗಿಯೂ 2024ರಲ್ಲಿ ಸತ್ತವರ ಸಂಖ್ಯೆ ಹುಟ್ಟಿದವರಿಗಿಂತ ಸುಮಾರು 14 ಲಕ್ಷ ಜಾಸ್ತಿ. 2025ರಲ್ಲಿ ಜನನ 80 ಲಕ್ಷಕ್ಕಿಂತ ಕೆಳಗೆ ಬಿತ್ತು.

ಅದೇ ಪಂಚಾಂಗ ಇನ್ನೊಂದು ಕಡೆಯಿಂದ ಕಾಲು ಎಳೆಯಿತು. 2024ರ ಡ್ರ್ಯಾಗನ್ ವರ್ಷದಲ್ಲಿ 'ವಸಂತಾರಂಭ'ದ ದಿನವೇ ಬರಲಿಲ್ಲ. ಹೊಸ ವರ್ಷ ಫೆಬ್ರವರಿ 10ಕ್ಕೆ ಶುರು, ವಸಂತಾರಂಭ ಫೆಬ್ರವರಿ 4ಕ್ಕೇ ಮುಗಿದಿತ್ತು. ಮುಂದಿನ ವಸಂತಾರಂಭದ ಹೊತ್ತಿಗೆ ಹಾವಿನ ವರ್ಷ ಬಂದಿತ್ತು. ಇಂಥದ್ದಕ್ಕೆ 'ವಿಧವೆ ವರ್ಷ' ಎಂದು ಹೆಸರು, ಮದುವೆಗೆ ಒಳ್ಳೆಯದಲ್ಲ. ಮಗುವಿಗೆ ಶುಭ, ಮದುವೆಗೆ ಅಶುಭ! ಮದುವೆಯಾಗದೆ ಮಕ್ಕಳು ಅಪರೂಪವಾಗಿರುವ ಸಮಾಜದಲ್ಲಿ ಇದು ಒಳ್ಳೆ ಪೇಚು. ಆ ವರ್ಷ ಮದುವೆಗಳು 61 ಲಕ್ಷಕ್ಕೆ ಕುಸಿದವು. ನಂಬಿಕೆಗಿಂತ ದುಡ್ಡು, ಕೆಲಸದ ಚಿಂತೆಯೇ ಅದಕ್ಕೆ ಮುಖ್ಯ ಕಾರಣ ಎನ್ನುವುದು ನನ್ನ ಎಣಿಕೆ. ಆದರೂ 'ಮುಂದಿನ ವರ್ಷ ನೋಡೋಣ' ಎನ್ನಲು ಒಂದು ನೆಪ ಸಿಕ್ಕಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ಹಳೆಯ ಚೀನೀ ನಂಬಿಕೆಯಲ್ಲಿ ಮಕ್ಕಳನ್ನು ತರುವುದು ಡ್ರ್ಯಾಗನ್ ಕೆಲಸವೇ ಅಲ್ಲ. ಅದಕ್ಕೆ ಚಿಲಿನ್ ಎಂಬ ಬೇರೆ ಪ್ರಾಣಿ ಇದೆ, ಬೆನ್ನ ಮೇಲೆ ಮಗುವನ್ನು ಕೂರಿಸಿಕೊಂಡು ಬರುವ ಅದರ ಚಿತ್ರ ಹೊಸ ವರ್ಷದ ಪಟಗಳಲ್ಲಿ ಸಾಮಾನ್ಯ. ಕರುಣೆಯ ದೇವಿ ಗುವಾನ್‌ಯಿನ್‌ಗೂ ಹರಕೆ ಹೊರುತ್ತಾರೆ. ಸಂತಾನಕ್ಕಾಗಿ ನಾಗನಿಗೇ ಕಲ್ಲು ನಿಲ್ಲಿಸುವ ನಮ್ಮ ಪದ್ಧತಿಗೂ ಅಲ್ಲಿನದಕ್ಕೂ ದಾರಿ ಬೇರೆಯಾಗುವುದು ಇಲ್ಲೇ.

ಹಾಗಾದರೆ ಡ್ರ್ಯಾಗನ್ ಮಗುವಿನ ಆಸೆ ಎಲ್ಲಿಂದ ಬಂತು? ಜನಸಂಖ್ಯಾ ತಜ್ಞ ಡೇನಿಯಲ್ ಗುಡ್‌ಕೈಂಡ್ 1991ರಲ್ಲಿ ಇದನ್ನು ಪರಿಶೀಲಿಸಿದರು. ತೈವಾನ್, ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾದ ಚೀನೀಯರಲ್ಲಿ ಡ್ರ್ಯಾಗನ್ ವರ್ಷದ ಜನನ ಏರಿಕೆ ಸ್ಪಷ್ಟವಾಗಿ ಕಂಡದ್ದು 1976ರಿಂದ. ಅದಕ್ಕೂ ಹಿಂದಿನ ಡ್ರ್ಯಾಗನ್ ವರ್ಷಗಳಲ್ಲಿ ಅಂಥ ಏರಿಕೆ ಇಲ್ಲ. ಯೋಚಿಸಿದರೆ ಸರಳ. ಗರ್ಭನಿರೋಧಕ ಕೈಗೆ ಸಿಗುವ ತನಕ ವರ್ಷ ಆರಿಸಿ ಮಗು ಹೆರುವುದು ಹೇಗೆ? 'ಸಾವಿರಾರು ವರ್ಷಗಳ ಸಂಪ್ರದಾಯ' ಎಂದು ಸುದ್ದಿವಾಹಿನಿಗಳು ಹೇಳಿದ್ದು ಐವತ್ತು ವರ್ಷವೂ ತುಂಬದ ರೂಢಿ.

ಅದೃಷ್ಟದ ಮಾತಾದರೂ ನಿಜವೇ? ಅರ್ಥಶಾಸ್ತ್ರಜ್ಞರಾದ ನಾಜಿ ಮೋಜನ್ ಮತ್ತು ಹಾನ್ ಯು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೀನಾದ ಡ್ರ್ಯಾಗನ್ ಮಕ್ಕಳು ಶಾಲೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆಯುತ್ತಾರೆ, ಕಾಲೇಜು ಮುಟ್ಟುವ ಸಾಧ್ಯತೆಯೂ ಹೆಚ್ಚು ಎಂದು ಕಂಡಿತು. ಕಾರಣ ನಕ್ಷತ್ರವಲ್ಲ, ಅಪ್ಪ ಅಮ್ಮ. ಮಗು ಡ್ರ್ಯಾಗನ್ ಎಂದು ನಂಬಿದವರು ಅದರ ಮೇಲೆ ಹೆಚ್ಚು ನಿರೀಕ್ಷೆ ಇಡುತ್ತಾರೆ, ಹೆಚ್ಚು ಸಮಯ ಮತ್ತು ದುಡ್ಡು ಹಾಕುತ್ತಾರೆ, ಮನೆಗೆಲಸ ಕಡಿಮೆ ಹೇಳುತ್ತಾರೆ. ನಂಬಿಕೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಆದರೆ ಒಂದೇ ವರ್ಷ ಎಲ್ಲರೂ ಹೆತ್ತರೆ ಶಾಲೆಯ ಸೀಟಿಗೂ ಕೆಲಸಕ್ಕೂ ನೂಕುನುಗ್ಗಲು. ಸಿಂಗಪುರದ ಡ್ರ್ಯಾಗನ್ ಮಕ್ಕಳ ಬಗ್ಗೆ ನಡೆದ ಅಧ್ಯಯನಗಳು ಈ ಇನ್ನೊಂದು ಮುಖವನ್ನು ತೋರಿಸಿವೆ.

ಚೀನೀ ಪೋಷಕರ ಬಾಯಲ್ಲಿ ಸದಾ ಇರುವ ಮಾತು, ಮಗ ಡ್ರ್ಯಾಗನ್ ಆಗಲಿ ಎಂಬುದು. ಇದರ ಹಿಂದಿರುವುದು ಹಳದಿ ನದಿಯ ಡ್ರ್ಯಾಗನ್ ದ್ವಾರದ ಕಥೆ: ಪ್ರವಾಹಕ್ಕೆ ಎದುರಾಗಿ ಈಜಿ ಆ ಜಲಪಾತ ಹಾರಿದ ಮೀನು ಡ್ರ್ಯಾಗನ್ ಆಗುತ್ತದೆ. ಹಿಂದೆ ಅದು ರಾಜಸೇವೆಯ ಪರೀಕ್ಷೆಯ ರೂಪಕ. ಈಗ ಕಾಲೇಜು ಪ್ರವೇಶದ ಗಾವೊಕಾವೊ ಪರೀಕ್ಷೆಯದು. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1.34 ಕೋಟಿ ಮಂದಿ. ಬಹುಪಾಲು ಮೀನುಗಳು ಮೀನಾಗಿಯೇ ಉಳಿಯುತ್ತವೆ ಎಂಬುದನ್ನು ಕಥೆ ಹೇಳುವವರು ಒತ್ತಿ ಹೇಳುವುದಿಲ್ಲ.

ಈ ಒತ್ತಡ ಚೀನಾದ ಸಿನಿಮಾಕ್ಕೂ ಬಂದಿದೆ. ನೆಜಾ ಎಂಬ ಬಾಲದೇವರ ಹಳೆಯ ಕಥೆಯಲ್ಲಿ ಡ್ರ್ಯಾಗನ್ ರಾಜ ಖಳನಾಯಕ, ನೆಜಾ ಅವನ ಮಗನನ್ನು ಕೊಂದು ನರ ಕೀಳುತ್ತಾನೆ. 1979ರ ಅನಿಮೇಷನ್ ಚಿತ್ರದಲ್ಲಿ ಡ್ರ್ಯಾಗನ್ ರಾಜರು ಮಕ್ಕಳನ್ನು ಆಹುತಿ ಕೇಳುವ ದಬ್ಬಾಳಿಕೆಗಾರರು. ಸಾಂಸ್ಕೃತಿಕ ಕ್ರಾಂತಿಯಿಂದ ಆಗಷ್ಟೇ ಹೊರಬಂದ ಪ್ರೇಕ್ಷಕರಿಗೆ ಅದು ಏನನ್ನು ನೆನಪಿಸಿತೋ ಊಹಿಸಬಹುದು. 2019ರಲ್ಲಿ ಬಂದ ಹೊಸ ಚಿತ್ರದಲ್ಲಿ ಅದೇ ಡ್ರ್ಯಾಗನ್ ಕುಲ ಸಮುದ್ರದಡಿ ಸರಪಳಿಯಲ್ಲಿ ಸಿಕ್ಕಿಬಿದ್ದ ನತದೃಷ್ಟರು. ಬಿಡುಗಡೆಯ ಭಾರವೆಲ್ಲ ಒಬ್ಬ ಮಗನ ಮೇಲೆ. ಪ್ರತಿಯೊಂದು ಡ್ರ್ಯಾಗನ್ ತನ್ನ ಮೈಯ ಅತಿ ಗಟ್ಟಿ ಪೊರೆಯನ್ನು ಕಿತ್ತು ಕೊಟ್ಟು ಅವನಿಗೊಂದು ಕವಚ ಹೊಲಿಯುತ್ತದೆ. ಆ ಕವಚದ ಭಾರ ಏನು ಅಂತ ಟ್ಯೂಷನ್ ಫೀಸು ಕಟ್ಟಿದ ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಬಂದ ಇದರ ಮುಂದುವರಿದ ಭಾಗ 200 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿ ಜಗತ್ತಿನ ಎಲ್ಲ ಅನಿಮೇಷನ್ ಚಿತ್ರಗಳನ್ನು ಹಿಂದೆ ಹಾಕಿತು.

2024ರ ಡ್ರ್ಯಾಗನ್ ಮಕ್ಕಳು 2030ರ ಹೊತ್ತಿಗೆ ಒಂದನೇ ತರಗತಿಗೆ ಬರುತ್ತಾರೆ. ಹಿಂದಿನ ಡ್ರ್ಯಾಗನ್ ವರ್ಷದವರಿಗೆ ಇದ್ದ ಸೀಟಿನ ನೂಕುನುಗ್ಗಲು ಇವರಿಗೆ ಇರಲಾರದು. 2024 ಒಂದೇ ವರ್ಷದಲ್ಲಿ ಚೀನಾದಲ್ಲಿ 21 ಸಾವಿರದಷ್ಟು ಶಿಶುವಿಹಾರಗಳು ಕಡಿಮೆಯಾಗಿವೆ. ಆದರೆ ಇವರಲ್ಲಿ ಅನೇಕರು ಮನೆಗೆ ಒಬ್ಬರೇ. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ ಸೇರಿ ಆರು ಜನರ ಆಸೆಗೆ ಒಂದೇ ಮಗು. 2025ರ ಜುಲೈನಲ್ಲಿ ಸರ್ಕಾರ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವ ಯೋಜನೆ ತಂದಿತು. ಅಂದರೆ ಡ್ರ್ಯಾಗನ್ ಮೇಲೆ ಭಾರ ಹಾಕಿ ಕೂತರೆ ಸಾಲದು ಎಂದು ಅದಕ್ಕೂ ಗೊತ್ತಾಗಿದೆ. ಮುಂದಿನ ಡ್ರ್ಯಾಗನ್ ವರ್ಷ 2036. 2012ರ ಡ್ರ್ಯಾಗನ್ ಮಕ್ಕಳಿಗೆ ಆಗ 24 ವರ್ಷ. ಮಗು ಬೇಕೋ ಬೇಡವೋ ಎಂದು ಅವರು ಯೋಚಿಸುವಾಗ ಮನೆಯ ಸಾಲದ ಕಂತು, ಆಫೀಸಿನ ಗಂಟೆಗಳು, ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣಿಗೆ ಸಿಗುವ ಅಥವಾ ತಪ್ಪುವ ಬಡ್ತಿ ಇವೆಲ್ಲ ಪಂಚಾಂಗಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತವೆ ಎಂಬುದು ನನ್ನ ಅಂದಾಜು.